ಗುಜರಿಯಿಂದ ಬಂದ ಸೆನ್ಸರ್

ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅತ್ತಿಗೆಯ ಕಾರು ನಡುಗಿ ಆಫ್ ಆಗುತ್ತಿತ್ತು. ಅಣ್ಣ ಗುಜರಿಯಿಂದ ತಂದು ಹಾಕಿಸಿದ್ದ ಟೆಂಪರೇಚರ್ ಸೆನ್ಸರ್ ಬೇರೆ ಮಾಡೆಲ್ಲಿನದು. ಇಂಜಿನ್ ತಣ್ಣಗಿರಲಿ, ಕುದಿಯುತ್ತಿರಲಿ, ನನ್ನ ಗ್ಯಾರೇಜಿನ ಸ್ಕ್ಯಾನರಿನಲ್ಲಿ ಕಂಡದ್ದು ಮೂವತ್ತೇಳೇ ಡಿಗ್ರಿ.

“ಮನುಷ್ಯರ ಮೈಬಿಸಿ ಅಲ್ವೇನೋ ಅದು?” ಹಿಂದಿನ ಸೀಟಿನಲ್ಲಿದ್ದ ಮಗಳು ಪುಟ್ಟಿಯನ್ನು ನೋಡುತ್ತ ಅತ್ತಿಗೆ ಕೇಳಿದರು.

“ನಿಮ್ಮ ಯಜಮಾನ್ರ ಜಿಪುಣತನದ ಬಿಸಿ, ಅತ್ತಿಗೆ!”

ಸರಿಯಾದ ಸೆನ್ಸರ್ ಹಾಕಿದೆ. ಇಂಜಿನ್ ಹದಕ್ಕೆ ಬಂತು. ತಾಯಿ ಮಗಳು ಹೊರಟರು. ತೆಗೆದಿಟ್ಟ ಸೆನ್ಸರನ್ನು ಪರೀಕ್ಷಿಸಲು, ರೂಢಿಯಂತೆ, ಮೀಟರಿಗೆ ಜೋಡಿಸಿ ಐಸ್ ನೀರಿನಲ್ಲಿ ಅದ್ದಿದೆ. ಆಗಲೇ ಅತ್ತಿಗೆಯ ಫೋನ್ ಬಂತು.

“ಪುಟ್ಟಿ ಗಡಗಡ ನಡುಗ್ತಿದಾಳೆ ಕಣೋ, ತುಟಿಯೆಲ್ಲ ನೀಲಿ!”

ಸೆನ್ಸರನ್ನು ನೀರಿನಿಂದ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದೆ. ಸ್ವಲ್ಪ ಹೊತ್ತಿಗೆ ಅತ್ತಿಗೆಯ ದನಿ ಇಳಿಯಿತು: “ಈಗ ನಡುಕ ನಿಂತಿತಪ್ಪ.”

ಕಾಕತಾಳೀಯವೆಂದೇ ಎಲ್ಲರಿಗೂ ಹೇಳುತ್ತೇನೆ. ಸೆನ್ಸರನ್ನು ಮಾತ್ರ ಎದೆಗೆ ತಾಗುವ ಒಳಜೇಬಿನಿಂದ ಇವತ್ತಿನವರೆಗೂ ಹೊರಗಿಟ್ಟಿಲ್ಲ.