ಎದೆ ತೊಳೆಯುವ ಬೆಲ್ಲ

“ನನ್ನ ಮಗನ ಎದೆ ತಿಂದವಳು ನೀನೇ ಕಣೇ!”

ಚಿಕ್ಕಗಂಗಮ್ಮ ಬೆಲ್ಲದ ಡಬ್ಬಿಯನ್ನು ಸೊಸೆಯ ಕಾಲ ಬಳಿ ಎಸೆದಳು. ಉಂಡೆಗಳು ಅಡುಗೆಮನೆಯ ತುಂಬಾ ಉರುಳಿದವು. ಯಶೋದಮ್ಮ ಬಗ್ಗಿ ಒಂದೊಂದನ್ನೇ ಹೆಕ್ಕಿದಳು. ಆರು ತಿಂಗಳಿಂದ ಇದೇ ಮಾತು... ಈಗ ಅದು ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಅವಳ ಗಂಡ ಹನುಮಯ್ಯನಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮ್ ಹೊಳಪು ಹಿಡಿಸುವ ಕೆಲಸ. ಆಸಿಡ್ ತೊಟ್ಟಿಯ ಮೇಲೆ ಬಗ್ಗಿ ಮುಳುಗಿಸಬೇಕು, ಎತ್ತಬೇಕು. ತೊಟ್ಟಿಯಿಂದ ಹಳದಿ ಹಬೆ ಏಳುತ್ತಿತ್ತು. ಅದನ್ನು ಹೊರಗೆ ಎಳೆಯಲು ಒಂದು ಫ್ಯಾನೂ ಇರಲಿಲ್ಲ. ಬದಲಿಗೆ ದಿನಾ ಸಂಜೆ ತಲೆಗೊಂದು ಬೆಲ್ಲದ ಉಂಡೆ ಕೊಡುತ್ತಿದ್ದರು. ಬೆಲ್ಲ ಎದೆ ತೊಳೆಯುತ್ತದೆ ಎಂದು ಮಾಲೀಕರು ಹೇಳಿದರು, ಎಲ್ಲರೂ ನಂಬಿದರು. ತಿಂದ ಬೆಲ್ಲ ಹೋಗುವುದು ಹೊಟ್ಟೆಗೆ, ಎದೆಗಲ್ಲ! ಇಷ್ಟು ಒಬ್ಬರಿಗೂ ಹೊಳೆಯಲಿಲ್ಲ. ಹನುಮಯ್ಯ ಒಂಬತ್ತು ವರ್ಷ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಮಗಳಿಗೆಂದು ಮನೆಗೆ ತಂದ. ಹಬ್ಬ ಬಂದರೆ ಯಶೋದಮ್ಮ ಅದರಲ್ಲೇ ಹೋಳಿಗೆ ಮಾಡಿದಳು. ಅತ್ತೆಯೂ ತಿಂದಳು.

ಈಗ ಹನುಮಯ್ಯ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತೇ ಇರುತ್ತಾನೆ. ಮಲಗಿದರೆ ಉಸಿರು ಸಿಗುವುದಿಲ್ಲ.

ಸೂಪರ್‌ವೈಸರ್ ಗೋಪೀನಾಥ ಒಂದು ಕಾಗದ ಕೊಟ್ಟು ಹೋಗಿದ್ದ. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ ಎಂದು ಹನುಮಯ್ಯ ರುಜು ಹಾಕಿದರೆ, ಸೋಮವಾರದಿಂದ ಅದೇ ತೊಟ್ಟಿಯ ಕೆಲಸ ಅವನ ತಮ್ಮ ಕಿಟ್ಟಿಗೆ.

“ಕಿಟ್ಟಿ ಅಲ್ಲಿಗೆ ಬೇಡ ಅತ್ತೆ,” ಎಂದಳು ಯಶೋದಮ್ಮ.

“ಯಾಕೆ ಬೇಡ? ಅವನು ಬೆಲ್ಲಾನ ಅಲ್ಲೇ ತಿಂತಾನೆ. ಕಿತ್ಕೊಂಡು ಹೋಳಿಗೆ ಮಾಡೋಕೆ ಅವನಿಗೇನು ಹೆಂಡ್ತಿ ಇದಾಳಾ?”

“ಹೋಗ್ತೀನಿ ಬಿಡಿ ಅತ್ತಿಗೆ,” ಎಂದ ಕಿಟ್ಟಿ. “ನಂಗೆ ಇಪ್ಪತ್ತೆರಡು ವರ್ಷ ಆಯ್ತು. ಇನ್ನೂ ಎಷ್ಟು ದಿನ ಬಿಟ್ಟಿ ಕೂಳು ತಿನ್ನೋದು?”

ಭಾನುವಾರ, ಕಾರ್ಖಾನೆಯಲ್ಲಿ ಪಕ್ಕದ ತೊಟ್ಟಿಯವನಾದ ಶಂಭುಲಿಂಗಪ್ಪ ಹನುಮಯ್ಯನನ್ನು ನೋಡಲು ಬಂದ. ಸೊಸೆಗೆ ಕೇಳಿಸಲೆಂದೇ ಚಿಕ್ಕಗಂಗಮ್ಮ ದನಿ ಎತ್ತಿದಳು.

“ನೀನು ಬೆಲ್ಲ ಅಲ್ಲೇ ತಿಂತಿದ್ದೆ ಅಲ್ವೇನಪ್ಪಾ?”

“ಒಂದಿನಾನೂ ತಪ್ಸಿಲ್ಲ ತಾಯಿ. ಹನುಮಂದೂ ಕೇಳ್ತಿದ್ದೆ, ಕೊಡ್ತಿರ್ಲಿಲ್ಲ ನನ್ಮಗ!”

“ಕೇಳಿದ್ಯೇನೇ?” ಎಂದು ಅತ್ತೆ ಅಡುಗೆಮನೆಯ ಕಡೆ ತಿರುಗಿದಳು.

ಶಂಭುಲಿಂಗಪ್ಪ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಒರೆಸಿಕೊಂಡ ಟವಲಿನಲ್ಲಿ ರಕ್ತವಿತ್ತು.

“ಮೂಗಿನ ನಡುವಿನ ಗೋಡೆ ಬಿದ್ದೋಯ್ತು ತಾಯಿ. ಎರಡು ಮನೆ ಒಂದಾಗಿದೆ. ಡಾಕ್ಟ್ರು ಈ ಕಡೆ ಬ್ಯಾಟ್ರಿ ಬಿಟ್ರೆ ಆ ಕಡೆ ಬೆಳಕು! ಬೆಲ್ಲ ಗಿಲ್ಲ ಏನೂ ಮಾಡಲ್ಲ, ಎಲ್ಲಾ ಆ ಹಬೆಯದ್ದೇ ಅಂದ್ರು. ಇಬ್ರೂ ಒಟ್ಟಿಗೇ ತೋರಿಸ್ಕೊಂಡಿದ್ವಿ, ಹನುಮಂಗೂ ಅವತ್ತೇ ಹೇಳಿದ್ರಲ್ಲ... ಇವನು ಹೇಳ್ಲಿಲ್ವಾ?”

ಯಶೋದಮ್ಮ ಬಂದು ಗಂಡನ ಮುಂದೆ ನಿಂತಳು.

“ನಿಮಗೆ ಗೊತ್ತಿತ್ತಾ?”

“ಹೇಳಿದ್ರೆ... ಅಮ್ಮ ಕಿಟ್ಟೀನ ಅಲ್ಲಿಗೆ ಕಳಿಸ್ತಿರ್ಲಿಲ್ಲ...” ಹನುಮಯ್ಯ ಉಸಿರಿಗಾಗಿ ತಡೆದ. “ಮನೆಯೋರು ಏನು ತಿಂತೀರಿ... ಅಂತ...”

ಆರು ತಿಂಗಳು! ಹೆಂಡತಿಗೆ ಬೀಳುತ್ತಿದ್ದ ಬೈಗುಳವನ್ನೆಲ್ಲ ಅಲ್ಲೇ ಕೂತು ಕೇಳಿಸಿಕೊಂಡಿದ್ದ. ಯಶೋದಮ್ಮ ಸಿಟ್ಟಿಗಾಗಿ ತನ್ನೊಳಗೆ ಹುಡುಕಿದಳು. ಏನೂ ಸಿಗಲಿಲ್ಲ. ಜಾರಿದ್ದ ಅವನ ಕಂಬಳಿಯನ್ನು ಸರಿಮಾಡಿದಳು.

ಚಿಕ್ಕಗಂಗಮ್ಮ ಎದ್ದು ಗೂಡಿನಲ್ಲಿದ್ದ ಕಾಗದವನ್ನು ಒಲೆಗೆ ಹಾಕಿದಳು. “ಒಂದು ಎದೆ ಸಾಕು ಅವರಿಗೆ. ಕಿಟ್ಟಿ, ನೀನು ಹೊಸಹಳ್ಳಿ ಬೀದೀಲಿ ಸೊಪ್ಪು ಮಾರೋ. ನಾನು ಮುಸುರೆ ತಿಕ್ಕೋಕೆ ಹೋಗ್ತೀನಿ.”

“ನಿಮ್ಮ ಸೊಂಟ ಬಗ್ಗಲ್ಲ ಅತ್ತೆ. ನಾನೂ ಬರ್ತೀನಿ.”

ಆ ತೊಟ್ಟಿಯ ಮುಂದಿನ ಜಾಗ ಎರಡು ದಿನವೂ ಖಾಲಿ ಇರಲಿಲ್ಲ. ಕೆಂಗೇರಿ ಕಡೆಯವನೊಬ್ಬ ಸಿಕ್ಕಿದ. ಹನುಮಯ್ಯ ಕಾರ್ತಿಕ ಮುಗಿಯುವ ಮುಂಚೆ ತೀರಿಕೊಂಡ.

ಹದಿಮೂರು ದಿನ ಕಳೆದ ಮೇಲೆ ಅತ್ತೆ ಸೊಸೆ ಇಬ್ಬರೂ ಬಸವೇಶ್ವರನಗರದ ದೊಡ್ಡ ಮನೆಯೊಂದರ ಹಿತ್ತಲಿನಲ್ಲಿ ಮತ್ತೆ ಕೆಲಸಕ್ಕೆ ಕೂತರು. ಚಿಕ್ಕಗಂಗಮ್ಮ ಅದುವರೆಗೂ ತಪ್ಪಾಯಿತು ಎಂದಿರಲಿಲ್ಲ. ಅವತ್ತೂ ಅನ್ನಲಿಲ್ಲ. ಮಸಿ ಹಿಡಿದ ದೊಡ್ಡ ಹಂಡೆಯನ್ನು ತನ್ನ ಕಡೆ ಎಳೆದುಕೊಂಡಳು.

ಯಶೋದಮ್ಮ ಬೂದಿಯ ಚಿಪ್ಪನ್ನು ಅತ್ತೆಯ ಕೈಗೆ ಎಟುಕುವಂತೆ ಸರಿಸಿದಳು.