ಮೇಜಿನ ಆಚೆ ಕೂತವನು

ಸಂದರ್ಶನದ ಕೋಣೆಯ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು.

ಉದ್ದನೆ ಮೇಜಿನ ಆಚೆ ಬೂದು ಕೋಟು ಹಾಕಿಕೊಂಡು ಕೂತಿದ್ದವನು ಅವನೇ. ಅವಳು 'ನಾಲ್ಕನೇ ಮಹಡಿ' ಅಂತ ಕರೆಯುತ್ತಿದ್ದವನು.

ಅವಳ ಸಾಫ್ಟ್‌ವೇರ್ ಕಂಪನಿ ಇದ್ದದ್ದು ಏಳನೇ ಮಹಡಿಯಲ್ಲಿ. ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವನ ಆಫೀಸು. ಲಿಫ್ಟಿನಲ್ಲಿ ಶುರುವಾದ ನಗು ಕೆಳಗಿನ ಕ್ಯಾಂಟೀನಿನ ಸಂಜೆ ಕಾಫಿಗೆ ಇಳಿದು ವರ್ಷವಾಗುತ್ತಾ ಬಂದಿತ್ತು. "ಏನ್ರೀ ಏಳನೇ ಮಹಡಿ, ಮುಖ ಯಾಕೆ ಊದ್ಕೊಂಡಿದೆ ಇವತ್ತು?" ಅಂತ ಅವನು. "ನಾಲ್ಕನೇ ಮಹಡಿಯವರಿಗೆ ಬೇರೆ ಕೆಲಸ ಇಲ್ವಾ?" ಅಂತ ಇವಳು. ಅವಳು ಕಪ್ಪು ತುಟಿಗಿಟ್ಟಾಗಲೆಲ್ಲ ಅವನು ಕಿಟಕಿ ಕಡೆ ತಿರುಗುತ್ತಿದ್ದ. ಆ ಗಾಜಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಬೀದಿಯಲ್ಲ, ಅವಳ ಪ್ರತಿಬಿಂಬ ಅನ್ನುವುದು ಅವಳಿಗೂ ಗೊತ್ತಿತ್ತು. ಅದರಾಚೆ ಒಂದು ಮಾತೂ ಆಗಿರಲಿಲ್ಲ.

ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಿದ ವಿಷಯವನ್ನು ಅವಳು ಅವನಿಗೂ ಹೇಳಿರಲಿಲ್ಲ. ಆಫೀಸಿನ ಕಿವಿಗೆ ಬಿದ್ದರೆ ಕಷ್ಟ. ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. "ಇಷ್ಟು ಒಳ್ಳೆ ಕೆಲಸ ಬಿಟ್ಟು ಮತ್ತೆ ಬ್ಯಾಗು ನೇತುಹಾಕ್ಕೊಂಡು ಹೋಗ್ತೀಯಾ? ನನ್ನ ಮಗಳ ಸ್ಕೂಲ್ ಬಸ್ಸಲ್ಲೇ ಹೋಗು, ಅವಳಿಗೆ ಜೊತೆಯಾದ್ರೂ ಆಗುತ್ತೆ," ಎಂದು ಆಡಿಕೊಂಡಿದ್ದ ಅಕ್ಕನೇ ಇವತ್ತು ಬೆಳಿಗ್ಗೆ ಅವಳ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದಳು.

ಆ ಬಿಸಿನೆಸ್ ಸ್ಕೂಲಿನಲ್ಲಿ ಸಂದರ್ಶನ ಮಾಡುವವರು ಹಳೆ ವಿದ್ಯಾರ್ಥಿಗಳು. ಬರಬೇಕಾದವರಿಗೆ ಜ್ವರ ಬಂದು, ಕೊನೆ ಗಳಿಗೆಯಲ್ಲಿ ಅಲ್ಲೇ ಓದಿದ್ದ ಇವನನ್ನು ಕರೆಸಿದ್ದರು.

"ಕೂತ್ಕೊಳ್ಳಿ," ಅಂದ. ಅವನ ಧ್ವನಿಯೇ ಅಲ್ಲ ಅನ್ನಿಸಿತು.

ಅವಳು ಕೂತಳು. ಈ ವರ್ಷದ ಸಂದರ್ಶನಗಳಿಗೆ ಇದೇ ಕೊನೆ ದಿನ. ಪರಿಚಯವೇ ಇಲ್ಲದವರ ಹಾಗೆ ಇದ್ದುಬಿಡೋಣ ಎಂದು ಕಣ್ಣಲ್ಲೇ ಬೇಡಿಕೊಂಡಳು. ಅವನು ಅವಳ ಅರ್ಜಿಯ ಮೊದಲ ಪುಟ ನೋಡಿ, ಮುಚ್ಚಿ, ಎದ್ದು ನಿಂತ. ನೀರಿನ ಲೋಟ ಇಡಲು ಬಂದಿದ್ದ ಅಡ್ಮಿಷನ್ ಅಧಿಕಾರಿಯ ಕಡೆ ತಿರುಗಿದ.

"ಮೇಡಂ, ಇವರ ಸಂದರ್ಶನ ನಾನು ಮಾಡೋ ಹಾಗಿಲ್ಲ."

"ಯಾಕೆ? ಪರಿಚಯಾನಾ?"

"ಒಂದೇ ಕಟ್ಟಡದಲ್ಲಿ ಕೆಲಸ ಮೇಡಂ," ಅವಳೇ ಬಾಯಿ ಹಾಕಿದಳು. "ಕಂಡ್ರೆ ಹಲೋ ಅಂತೀವಿ, ಅಷ್ಟೇ."

"ಅಷ್ಟೇ ಆದ್ರೆ ಪರವಾಗಿಲ್ಲ," ಎಂದ ಅಧಿಕಾರಿ ಅವನನ್ನು ಕೇಳಿದರು, "ಅಷ್ಟೇನಾ?"

ಅವನು ಅವಳನ್ನು ನೋಡಿದ. ಗಾಜಿನಲ್ಲಲ್ಲ, ನೇರವಾಗಿ.

"ಅಷ್ಟೇ ಅಲ್ಲ. ಇವರ ಮನಸ್ಸು ನನಗೆ ಗೊತ್ತಿಲ್ಲ. ನನಗೆ ಇವರಂದ್ರೆ ತುಂಬಾ ಇಷ್ಟ. ಇವರು ಏನು ಹೇಳಿದ್ರೂ ನನಗೆ ಸರಿ ಅಂತಲೇ ಅನ್ಸುತ್ತೆ. ನಾನು ಕೊಡೋ ಮಾರ್ಕಿಗೆ ಬೆಲೆ ಇರಲ್ಲ."

ಅಧಿಕಾರಿ ಫೋನು ಹಿಡಿದು ಒಳಕೋಣೆಗೆ ಹೋದರು. ಅವಳು ಕಾರಿಡಾರಿಗೆ ಬಂದು, ಹಿಂದೆಯೇ ಬಂದ ಅವನ ಕಡೆ ತಿರುಗಿದಳು.

"ನಿನಗೆ ಬುದ್ಧಿ ಇದೆಯಾ? ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೋನಿಗೆ ಇವತ್ತೇ, ಇಲ್ಲೇ ಬಾಯಿ ಬಂತಾ?"

"ಸುಮ್ನಿದ್ದಿದ್ರೆ, ಸೀಟು ಸಿಕ್ಕಿದ್ರೂ ಅದು ನಿಮ್ಮದು ಅಂತ ನಿಮಗೇ ಅನ್ಸ್ತಿರ್ಲಿಲ್ಲ."

"ಅದನ್ನ ಹೇಳೋಕೆ ನೀನ್ಯಾರು? ನನ್ನನ್ನ ಕೇಳದೆ ನನ್ನ ವಿಷಯ ತೀರ್ಮಾನ ಮಾಡೋರು ಆಫೀಸಲ್ಲಿ ಬೇಕಾದಷ್ಟು ಜನ ಇದ್ದಾರೆ!"

ಅವನ ಮುಖ ಬಿಳಿಚಿಕೊಂಡಿತು. "ನಿಜ. ಮೊದಲು ನಿಮ್ಮನ್ನ ಕೇಳ್ಬೇಕಿತ್ತು," ಅಂದ. ತನ್ನ ಬಾಯಲ್ಲಿ ಇಷ್ಟು ದಿನದ 'ನೀವು' ಹೋಗಿ 'ನೀನು' ಬಂದದ್ದು ಅವಳಿಗೆ ಹೊಳೆದದ್ದು ಆಗ. ವಾಪಸ್ ತೆಗೆದುಕೊಳ್ಳಲಿಲ್ಲ.

ಬಾಗಿಲು ತೆರೆಯಿತು. "ಡೈರೆಕ್ಟರೇ ನೋಡ್ತಾರಂತೆ. ಬನ್ನಿ," ಎಂದ ಅಧಿಕಾರಿ ದನಿ ತಗ್ಗಿಸಿದರು, "ಅವರು ನಗಲ್ಲ. ಅದಕ್ಕೆಲ್ಲ ಹೆದರ್ಬೇಡಿ."

ಡೈರೆಕ್ಟರ್ ನರೆಗೂದಲಿನ ಹೆಂಗಸು. ಪೀಠಿಕೆಯೇ ಇಲ್ಲ. "ಟೆಕ್ನಾಲಜಿಯಲ್ಲಿ ಒಳ್ಳೆ ಕೆಲಸ ಇದೆ. ಯಾಕೆ ಬಿಡ್ತೀರಿ?"

ಬಾಯಿಪಾಠ ಮಾಡಿಕೊಂಡಿದ್ದ ಉತ್ತರವನ್ನು ಅವಳು ಬದಿಗಿಟ್ಟಳು. ಸಿಟ್ಟು ಇನ್ನೂ ಬಿಸಿಯಾಗಿತ್ತು; ಅದೇ ಮಾತಾಡಿತು.

"ಆಸ್ಪತ್ರೇಲಿ ಯಾವ ಬೆಡ್ ಖಾಲಿ ಇದೆ ಅಂತ ನರ್ಸುಗಳಿಗೆ ತಕ್ಷಣ ತೋರಿಸೋ ಸಾಫ್ಟ್‌ವೇರ್ ಬರೆದಿದ್ದೆ. ಅವರು ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತಿದ್ರು. ಒಂದಿನ ಯಾವುದೋ ಮೀಟಿಂಗಲ್ಲಿ ಅದನ್ನ ನಿಲ್ಲಿಸಿದ್ರು. ನನ್ನನ್ನ ಕರೆದೇ ಇರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಲಾಭ, ಮಾರ್ಕೆಟ್ಟು ಅಂದ್ರು. ಅವರು ಹೇಳಿದ್ದು ತಪ್ಪು ಅನ್ನಿಸ್ತು. ತಪ್ಪು ಅಂತ ತೋರಿಸೋಕೆ ಅವರ ಭಾಷೆ ನನಗೆ ಬರ್ತಿರ್ಲಿಲ್ಲ. ಅದನ್ನ ಕಲಿಯೋಕೆ ಬಂದಿದ್ದೀನಿ."

"ಕಲಿತ ಮೇಲೆ ಅವರದ್ದೇ ಸರಿ ಅಂತ ಗೊತ್ತಾದ್ರೆ?"

ಇದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಒಪ್ಕೋತೀನಿ. ಆದ್ರೆ ನಿಲ್ಲಿಸ್ತಿದ್ದೀವಿ ಅಂತ ನರ್ಸುಗಳ ಎದುರು ಹೋಗಿ ನಿಂತು ನಾನೇ ಹೇಳ್ತೀನಿ."

ಡೈರೆಕ್ಟರ್ ನಗಲಿಲ್ಲ. ಆದರೆ ಪೆನ್ನು ಕೆಳಗಿಟ್ಟು ಅವಳನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದರು.

ಹೊರಗೆ ಕಾಯುತ್ತಿದ್ದವನನ್ನು ಅವಳು ಮಾತಾಡಿಸದೆ ದಾಟಿಹೋದಳು. ಮರುದಿನದಿಂದ, ಅವನು ಎದುರಾಗದಿರಲಿ ಎಂದು, ಆಫೀಸಿನ ಲಿಫ್ಟು ಬಿಟ್ಟು ದಿನಾ ಮೆಟ್ಟಿಲು ಹತ್ತತೊಡಗಿದಳು. ಸಿಟ್ಟು ಮೂರನೇ ಮಹಡಿಯವರೆಗೆ ಗಟ್ಟಿಯಾಗಿಯೇ ಇರುತ್ತಿತ್ತು. ನಾಲ್ಕನೆಯದು ಬಂದಾಗ ಮಾತ್ರ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಗಾಜಿನ ಬಾಗಿಲ ಒಳಗೆ ತಲೆಯೆತ್ತಿ, ಎದ್ದು ಬರಲೋ ಬೇಡವೋ ಎಂದು ಒದ್ದಾಡಿ, ಅವನು ಮತ್ತೆ ಕೂರುತ್ತಿದ್ದ. ಅದನ್ನು ಕಂಡೂ ಕಾಣದವಳಂತೆ ಮೇಲೆ ಹೋಗಿ ಅವಳು ಇಡೀ ದಿನ ಒಂದು ಸಾಲು ಕೋಡೂ ನೆಟ್ಟಗೆ ಬರೆಯುತ್ತಿರಲಿಲ್ಲ.

ಫಲಿತಾಂಶ ಬಂದ ಮಧ್ಯಾಹ್ನ ಮೆಟ್ಟಿಲಿಳಿದು ಆ ಬಾಗಿಲನ್ನು ತಾನೇ ತಳ್ಳಿದಳು.

"ಆಯ್ತು," ಅಂದಳು.

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. "ಆಯ್ತು ಅಂದ್ರೆ... ಮುಗೀತಾ? ನನ್ನಿಂದಾನಾ?"

"ಸಿಕ್ತು ಕಣೋ."

ಅವನ ಕಣ್ಣು ತುಂಬಿ ಬಂತು. ಸುತ್ತ ಕೀಬೋರ್ಡುಗಳ ಸದ್ದು ನಿಂತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ.

"ಕ್ಯಾಂಪಸ್ಸು ಬೇರೆ ಊರಲ್ಲಿ. ರೈಲಲ್ಲಿ ಒಂದು ಹಗಲಿನ ದಾರಿ. ಎರಡು ವರ್ಷ. ಹೋಗೋಕೆ ಮುಂಚೆ ನೀನು ನನ್ನನ್ನ ಏನೋ ಕೇಳ್ಬೇಕಿತ್ತಲ್ಲ?"

"ನನ್ನ ಮೇಲೆ ಇಷ್ಟ ಇದೆಯಾ?" ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ಇದೆ. ಸಿಟ್ಟೂ ಇದೆ. ಎರಡು ವರ್ಷ ಕಾಯ್ತೀಯಾ?"

"ಕಾಯೋದು ನನ್ನ ಕೈಲಾಗಲ್ಲ."

ಅವಳು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು.

"ರಜಾ ಸಿಕ್ಕಾಗೆಲ್ಲ ರೈಲು ಹತ್ತಿ ಬಂದ್ಬಿಡ್ತೀನಿ," ಅಂದ. "ಬರ್ಲಾ? ಇದನ್ನೂ ಕೇಳ್ತಾ ಇದ್ದೀನಿ."

ಅವಳು ಬಗ್ಗಿ ಉರುಳಿದ್ದ ಕುರ್ಚಿ ಎತ್ತಿ ನಿಲ್ಲಿಸಿದಳು, ಅವನನ್ನು ಅದರಲ್ಲಿ ಕೂರಿಸಿದಳು, ಪಕ್ಕಕ್ಕೆ ಇನ್ನೊಂದನ್ನು ಎಳೆದುಕೊಂಡು ತಾನೂ ಕೂತಳು.

"ಮೊದಲನೇ ಟಿಕೆಟ್ಟು ಈಗಲೇ ಬುಕ್ ಮಾಡು. ನನ್ನ ಕಣ್ಣೆದುರಿಗೇ."