ಜಾಡುಗ ನಿಲ್ಲಿಸಿದ ಮಾತು

ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಕಪ್ಪಾಗಿ, ಮರುಗಳಿಗೆಯಲ್ಲೇ ತಾನಾಗಿ ಮತ್ತೆ ಬೆಳಗಿತು. ಅಷ್ಟರೊಳಗೆ ಅದಕ್ಕೆ ಅಂಟಿಕೊಂಡಿದ್ದ, ಬೆಂಕಿಪೊಟ್ಟಣದಷ್ಟೇ ಗಾತ್ರದ, ಕೆಟ್ಟ ಯಂತ್ರದ ಜಾಡು ಹಿಡಿಯುವ ಜಾಡುಗ ತನ್ನ ಕೆಲಸ ಮುಗಿಸಿತ್ತು.

"ಬ್ಯಾಟರಿ ಉಬ್ಬಿದೆ," ಎಂದಿತು ಅದು, ಅವಸರವಿಲ್ಲದ ದನಿಯಲ್ಲಿ. "ಉಬ್ಬಲು ಕಾರಣ, ದಿನವೂ ಬೆಳಗಿನ ತನಕ ಪ್ಲಗ್ಗಿನಲ್ಲೇ ಬಿಟ್ಟದ್ದು. ಬಿಟ್ಟದ್ದಕ್ಕೆ ಕಾರಣ, ಮಾಲೀಕರು ಕ್ರಿಕೆಟ್ ನೋಡುತ್ತ ನಿದ್ದೆ ಹೋದದ್ದು."

ಆ ಲ್ಯಾಪ್‌ಟಾಪಿನ ಮಾಲೀಕ ಬಾಳಪ್ಪ ದೊಡಮನಿ ತಾನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಇಪ್ಪತ್ತೊಂದನೆಯ ಶತಮಾನದ ಅರ್ಧ ದಾಟಿತ್ತು. ಧಾರವಾಡದ ಆ ಸಂಶೋಧನಾಲಯದಲ್ಲಿ ಶನಿವಾರದ ಚಹಾದ ಹೊತ್ತಿಗೆ ಯಾರದಾದರೂ ಕೆಟ್ಟ ಯಂತ್ರವನ್ನು ನಡುವೆ ಇಟ್ಟು, ಅದರ ಜಾಡನ್ನು ಎಲ್ಲರೆದುರು ಕೇಳುವುದು ರೂಢಿಯಾಗಿತ್ತು. ವಿದ್ಯುತ್ ಕಡಿದ ಮೇಲೂ ಯಂತ್ರದ ನೆನಪಿನ ಕೋಶಗಳಲ್ಲಿ ಕ್ಷಣಕಾಲ ಒಂದಿಷ್ಟು ಕಸುವು ಉಳಿದಿರುತ್ತದೆ. ಜಾಡುಗ ಅದನ್ನು ಆರುವ ಮೊದಲೇ ಓದಿ, ಯಂತ್ರದೊಳಗಿನ ದಾಖಲೆಗಳಿಗೆ ಹೋಲಿಸಿ, ಒಂದು ಕಾರಣದಿಂದ ಅದರ ಹಿಂದಿನ ಕಾರಣಕ್ಕೆ ಇಳಿಯುತ್ತ ಹೋಗುತ್ತಿತ್ತು. ಅದನ್ನು ಕಂಡುಹಿಡಿದವಳು ಶಕುಂತಲಾ ಹಂಚಿನಮನಿ.

ಗುರುಸಿದ್ಧ ಕೊಪ್ಪದ ಎಂಬ ಸಹೋದ್ಯೋಗಿ ಕಿಟಕಿಯ ಬಳಿ ಕುಳಿತು, ಆರಿದ ಚಹಾವನ್ನು ಕುಡಿಯುತ್ತಲೇ ಇದ್ದ. ಅವನೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಉಳಿದ ಕಸುವಿನ ಮಾತನ್ನು ಮೊದಲು ಆಡಿದವನು ಅವನೇ, ಒಂದು ಸಂಜೆ ಚಹಾದ ಕಪ್ಪು ತೊಳೆಯುತ್ತ, ಸುಮ್ಮನೆ. ಅವನು ಕಪ್ಪು ಒರೆಸಿಟ್ಟು ಮನೆಗೆ ಹೋದ. ಅವಳು ಆ ಮಾತಿನ ಹಿಂದೆ ವರ್ಷಗಟ್ಟಲೆ ನಡೆದಳು. ಅವಳು ಅದನ್ನು ಕದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ತನ್ನ ಪ್ರಬಂಧದ ಮೊದಲ ಪುಟದಲ್ಲೇ ಅವಳು ಅವನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ್ದಳು. ದೂರಲು ಏನೂ ಇಲ್ಲದ ಹೊಟ್ಟೆಕಿಚ್ಚಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಅದು ಒಳಗೇ ಕುದಿಯುತ್ತದೆ.

ಈಚೆಗೆ ಅವನ ಲ್ಯಾಪ್‌ಟಾಪ್ ಕೂಡ ಹೀಗೆಯೇ ಆಗಾಗ ನಿಂತು ಮತ್ತೆ ಶುರುವಾಗುತ್ತಿತ್ತು. ಮೆಮೊರಿ ಬದಲಿಸಿದ, ಚಾರ್ಜರ್ ಬದಲಿಸಿದ, ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ. ಕಡತಗಳನ್ನು ಮರಳಿ ತುಂಬಿದೊಡನೆ ಅದೇ ಕಾಟ. ಅವನ ವಿಭಾಗ ಉಳಿಯಬೇಕಾದರೆ ಕೈಲಿದ್ದ ವರದಿ ಮುಗಿಯಬೇಕಿತ್ತು. ವರದಿಯೋ ಅರ್ಧಕ್ಕೇ ಕಳೆದುಹೋಗುತ್ತಿತ್ತು. ಆದರೂ ಜಾಡುಗದ ಬಳಿ ಹೋಗಲಿಲ್ಲ. ಹೋಗುವುದೆಂದರೆ ಅವಳ ಬಳಿ ಹೋಗುವುದು.

ಕೊನೆಗೆ ಯಂತ್ರವೇ ಅವನ ಮಾನ ಕಳೆಯಿತು. ಮುಂದಿನ ಶನಿವಾರ ವರದಿಯ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದಾಗ ಎಲ್ಲರೆದುರೇ ನಿಂತುಹೋಯಿತು.

"ಕೊಪ್ಪದ ಸರ್ ಮಷೀನಿಗೆ ಮಧ್ಯಾಹ್ನದ ನಿದ್ದಿ ಬೇಕ ನೋಡ್ರಿ," ಎಂದ ದೊಡಮನಿ. "ಹಚ್ರಿ ಮೇಡಂ ಜಾಡುಗ. ನನ್ನ ಮರ್ಯಾದಿ ಹೋಗೇತಿ, ಅವರದೂ ಸ್ವಲ್ಪ ಹೋಗ್ಲಿ."

ಗುರುಸಿದ್ಧ ಲ್ಯಾಪ್‌ಟಾಪನ್ನು ಮುಂದೆ ಸರಿಸಿದ. ಶಕುಂತಲಾ ಜಾಡುಗವನ್ನು ಅಂಟಿಸಿ, ಯಂತ್ರ ಮತ್ತೊಮ್ಮೆ ನಿಲ್ಲುವವರೆಗೆ ಕಾದಳು.

"ಪ್ರೊಸೆಸರ್ ಮಿತಿಮೀರಿ ಬಿಸಿಯಾಗಿ, ಸುಟ್ಟುಹೋಗದಂತೆ ತಾನೇ ವಿದ್ಯುತ್ ಕಡಿದುಕೊಂಡಿತು," ಎಂದಿತು ಜಾಡುಗ. ಪ್ರೊಸೆಸರ್ ಎಂದರೆ ಯಂತ್ರದ ಲೆಕ್ಕ ಮಾಡುವ ಮಿದುಳು. "ಬಿಸಿಯಾಗಲು ಕಾರಣ ಎರಡು. ಫ್ಯಾನಿನ ರೆಕ್ಕೆಗಳಿಗೆ ಪುಡಿ ಅಂಟಿ ಗಾಳಿ ಸಾಲುತ್ತಿಲ್ಲ. ಪ್ರೊಸೆಸರಿಗೆ ಗಳಿಗೆಯ ಬಿಡುವೂ ಇಲ್ಲ. ಬಿಡುವಿಲ್ಲದಿರಲು ಕಾರಣ, ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಒಂದು ಪ್ರೋಗ್ರಾಂ. ಅದನ್ನು ಬರೆದವರು ಮಾಲೀಕರೇ."

ಗುರುಸಿದ್ಧನಿಗೆ ಆ ಪ್ರೋಗ್ರಾಂ ಈಗ ನೆನಪಾಯಿತು. ಅವಳಿಗೆ ಮೊದಲ ಪ್ರಶಸ್ತಿ ಬಂದ ಸಂಜೆ ಕೂತು ಬರೆದದ್ದು. ಅವಳ ಹೆಸರು ಜಗತ್ತಿನ ಯಾವ ಭಾಷೆಯಲ್ಲಿ ಎಲ್ಲಿ ಬಂದರೂ ಹುಡುಕಿ ತಂದು, ತನ್ನ ಹೆಸರಿನೊಡನೆ ತೂಗಿ ನೋಡುವ ಪ್ರೋಗ್ರಾಂ. ಬರೆದದ್ದನ್ನೇ ಅವನು ಮರೆತಿದ್ದ; ಅದು ಅವನನ್ನು ಮರೆತಿರಲಿಲ್ಲ. ಅವಳ ಹೆಸರು ಬೆಳೆದಂತೆ ಅದರ ದುಡಿಮೆಯೂ ಬೆಳೆದಿತ್ತು.

"ಆ ಪ್ರೋಗ್ರಾಂ ಹುಡುಕುತ್ತಿರುವುದು..."

ಜಾಡುಗದ ಪುಟ್ಟ ಪರದೆಯಲ್ಲಿ ಅಕ್ಷರಗಳು ದನಿಗಿಂತ ತುಸು ಮೊದಲೇ ಮೂಡುತ್ತವೆ. ಶಕುಂತಲಾ ಓದಿದಳು. ಓದಿ, ಗುಂಡಿಯನ್ನು ಒತ್ತಿದಳು. ದನಿ ನಿಂತಿತು.

ಅವಳು ಲ್ಯಾಪ್‌ಟಾಪನ್ನು ಮಗುಚಿ, ಗಾಳಿಗಿಂಡಿಯ ಮೇಲೆ ಬೆರಳಾಡಿಸಿದಳು. ಬೆರಳು ಕೆಂಪಾಯಿತು.

"ಕುಂಕುಮ ಹೊಕ್ಕೇತಿ, ಗುರು," ಎಂದಳು. "ಖಂಡೇ ಪೂಜಿದು."

ಎಲ್ಲರೂ ನಕ್ಕರು. ನವಮಿಯ ಆಯುಧಪೂಜೆಯ ದಿನ ಲ್ಯಾಪ್‌ಟಾಪುಗಳನ್ನು ಸಾಲಾಗಿಟ್ಟು, ಚೆಂಡುಹೂವು ಏರಿಸಿ, ಗಾಳಿಗಿಂಡಿ ಎಲ್ಲಿದೆಯೆಂದು ನೋಡದೆ ಧಾರಾಳವಾಗಿ ಕುಂಕುಮ ಹಾಕಿದವನು ದೊಡಮನಿಯೇ. ಮಾತೆಲ್ಲ ಅವನ ಭಕ್ತಿಯ ಕಡೆಗೆ ತಿರುಗಿತು.

ಗುರುಸಿದ್ಧನೂ ನಕ್ಕ. ಎಷ್ಟೋ ವರ್ಷಗಳಿಂದ ಅವಳು ಅವನನ್ನು ನಾಲ್ಕು ಜನರೆದುರು 'ಸರ್' ಎಂದೇ ಕರೆಯುತ್ತಿದ್ದಳು. ಇಂದು ಬೆಂಚಿನ ದಿನಗಳ ಹೆಸರು ಬಂದಿತ್ತು. ಅವಳು ಗುಂಡಿ ಒತ್ತದೆ ಸುಮ್ಮನಿದ್ದಿದ್ದರೆ ಬರೀ ಅವಮಾನವಾಗುತ್ತಿತ್ತು, ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದ. ಈಗ ಅವಳ ಬುದ್ಧಿಯ ಜೊತೆಗೆ ಅವಳ ಈ ಗುಣವನ್ನು ಕಂಡೂ ಕರುಬಬೇಕಾಯಿತು.

ಆ ವರ್ಷ ಮಾರುಕಟ್ಟೆಗೆ ಬಂದ ಜಾಡುಗದಲ್ಲಿ ಶಕುಂತಲಾ ಒಂದು ಬದಲಾವಣೆ ಮಾಡಿದ್ದಳು. ಕಾರಣಗಳ ಸಾಲು ಯಂತ್ರವನ್ನು ದಾಟಿ ಮನುಷ್ಯರ ಹೊಸ್ತಿಲಿಗೆ ಬಂದೊಡನೆ ಅದು ನಿಂತು ಕೇಳುತ್ತಿತ್ತು: "ಇನ್ನು ಮುಂದಿನದು ಯಂತ್ರದ ವಿಷಯವಲ್ಲ. ಹೇಳಲೇ?"

ಆಸ್ಪತ್ರೆಗಳಲ್ಲಿ, ರೈಲಿನ ಸಿಗ್ನಲ್ ಕೋಣೆಗಳಲ್ಲಿ, ಊರಿಗೆ ನೀರು ಬಿಡುವ ಕೇಂದ್ರಗಳಲ್ಲಿ ಹೆಚ್ಚಿನವರು ಬೇಡವೆಂದರು. ಫ್ಯಾನು ಒರೆಸಿ ಮತ್ತೆ ಚಾಲೂ ಮಾಡಿದರು. ನಿಂತ ಯಂತ್ರದ ಗುಂಡಿ ಒತ್ತಿ ಹಿಡಿದು, ಬೆಳಕು ಬಂದೊಡನೆ ಅದು ನಿಂತದ್ದನ್ನೇ ಮರೆಯುವ ಅಭ್ಯಾಸ ಅವರಿಗೆ ಅಜ್ಜಂದಿರಿಂದ, ಎಂದರೆ ಇಂದಿನ ನಮ್ಮಿಂದ, ಬಂದದ್ದು.

ಗುರುಸಿದ್ಧ ಮಾತ್ರ ಒಂದು ದಿನ ಬಾಗಿಲು ಹಾಕಿಕೊಂಡು, ತನ್ನ ಲ್ಯಾಪ್‌ಟಾಪಿಗೆ ಜಾಡುಗವನ್ನು ಅಂಟಿಸಿ, ಹೇಳು ಎಂದ. ಕೊನೆಯವರೆಗೂ ಕೇಳಿದ. ಆ ಪ್ರೋಗ್ರಾಂ ಅಳಿಸಿದ. ಲ್ಯಾಪ್‌ಟಾಪ್ ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. ವರದಿ ಮುಗಿಯಿತು, ವಿಭಾಗ ಉಳಿಯಿತು.

ವರದಿ ಕಳಿಸಿದ ಮರುದಿನ ಬೆಳಿಗ್ಗೆ ಚಹಾ ಹಿಡಿದು ಕೂತವನು ಬೇರೇನನ್ನೂ ತೆರೆಯುವ ಮೊದಲು, ತನ್ನ ಬೆರಳುಗಳಿಂದಲೇ, ಶಕುಂತಲಾ ಹಂಚಿನಮನಿ ಎಂದು ಬರೆದು ಹುಡುಕಲು ಕೊಟ್ಟು ಕಾಯುತ್ತ ಕುಳಿತ. ಅಂಗೈ ಕೆಳಗಿನ ಯಂತ್ರ ತಣ್ಣಗಿತ್ತು.